ಸಹಾಯ ಬೇಕು: ರಾತ್ರಿ ಮೋಟರ್‌ಹೋಮ್ ನಿಲ್ಲಿಸಿದ್ದಕ್ಕೆ ದಂಡ

ಇಂಗ್ಲೆಂಡಿನಲ್ಲಿ ಮೋಟರ್‌ಹೋಮ್ ಓಡಿಸೋರು ಯಾರಾದ್ರೂ ಇದ್ದೀರಾ? ಹೋದ ವಾರ ಕಡಲತೀರದ ಊರೊಂದರಲ್ಲಿ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ, ಬೆಳಿಗ್ಗೆವರೆಗೂ ದುಡ್ಡು ಕಟ್ಟಿ ಮಲಗಿದೆವು. ಎದ್ದು ಅವಲಕ್ಕಿಗೆ ಒಗ್ಗರಣೆ ಹಾಕುವಾಗ ನೋಡಿದರೆ ವೈಪರ್ ಕೆಳಗೆ ದಂಡದ ಚೀಟಿ! 'ರಾತ್ರಿ ಮಲಗುವಂತಿಲ್ಲ' ಅಂತ ಬೋರ್ಡು ಇತ್ತು, ನಿಜ. ಅಂಗೈ ಅಗಲದ್ದು, ಕಸದ ಡಬ್ಬಿ ಹಿಂದೆ.

1984ರ ರೋಡ್ ಟ್ರಾಫಿಕ್ ರೆಗ್ಯುಲೇಷನ್ ಆಕ್ಟಿನ 35ನೇ ಸೆಕ್ಷನ್ ಪ್ರಕಾರ ಇಂಥ ನಿಯಮವೆಲ್ಲ ಕೌನ್ಸಿಲ್ ಹೊರಡಿಸಿದ ಆದೇಶದಲ್ಲೇ ಇರಬೇಕು ಅಲ್ವಾ, ಅದರಲ್ಲಿ ಮಲಗುವ ಮಾತೇ ಇಲ್ಲದಿದ್ದರೆ ಸುಮ್ನೆ ಬೋರ್ಡು ನೆಟ್ಟು ದಂಡ ಹಾಕಬಹುದಾ? ಆದೇಶದ ಪ್ರತಿ ಕೇಳಿದ್ದೇನೆ, ಇನ್ನೂ ಬಂದಿಲ್ಲ. 14 ದಿನದೊಳಗೆ ಕಟ್ಟಿದರೆ ಅರ್ಧ, ಹಾಗಾಗಿ ನಮ್ಮ ಮನೆಯವರು ಕಟ್ಟಿ ಕೈತೊಳೆದುಕೋ ಅಂತಾರೆ. ಇಂಥ ದಂಡದ ಮೇಲ್ಮನವಿ ಕೇಳೋ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್‌ವರೆಗೆ ಹೋದವರಿದ್ದರೆ ಏನು ಬರೆದಿರಿ ಹೇಳಿ. ಅರ್ಧ ದಂಡ ಕಟ್ಟೋಕೆ ಐದೇ ದಿನ ಉಳಿದಿದೆ.