ಆಡು ಕೊಟ್ಟರ ಬಡತನ ಕಡಿಮಿ ಆಗತದೋ ಇಲ್ಲೋ, ಅಳಿಯೋದು ಹೆಂಗ?

ಪ್ರಶ್ನೆ
ಇಂಡಿ, ಸಿಂದಗಿ ತಾಲೂಕಿನ 20 ಹಳ್ಳಿಯೊಳಗ ಹೊಲ ಇಲ್ಲದ 400 ಹೆಣ್ಣುಮಕ್ಕಳಿಗೆ ಎರಡೆರಡು ಆಡು ಕೊಡೋ ವಿಚಾರ ಅದ. ಕೊಡೋಕಿಂತ ಮೊದಲು ಒಮ್ಮೆ, ವರ್ಷದ ಮ್ಯಾಲೆ ಒಮ್ಮೆ ಮನಿ ಖರ್ಚು ಕೇಳಿ ಹೋಲಿಸಿದರ ಸಾಕೇನ್ರಿ? ಆಡು ಕೊಡದ ಮನಿಗಳನ್ನೂ ಸರ್ವೇ ಮಾಡ್ರಿ ಅಂತಾರ, ಅದು ಅನ್ಯಾಯ ಅನಸ್ತದ.

ಉತ್ತರ 1
ಸಾಕಾಗಂಗಿಲ್ರಿ. ಆ ವರ್ಷ ಮಳಿ ಚಲೋ ಆಗಿ ತೊಗರಿ ಬಂದು ಕೂಲಿ ಏರಿದರ, ಆ ಲಾಭ ಎಲ್ಲಾ ಆಡಿನ ಲೆಕ್ಕಕ್ಕ ಬೀಳತದ. ಬರ ಬಿದ್ದರ ಉಲ್ಟಾ. ಅದಕ್ಕ ಆಡು ಸಿಗದ ಹಳ್ಳಿ ಬೇಕ ಬೇಕು, ಅವನ್ನ ಚೀಟಿ ಎತ್ತಿಯೇ ಆರಿಸಬೇಕು. ಚೀಟಿ ಎತ್ತೂಕಿಂತ ಮೊದಲ ಎಲ್ಲಾ ಹಳ್ಳಿಯೊಳಗೂ ಅರ್ಹ ಹೆಣ್ಣುಮಕ್ಕಳ ಪಟ್ಟಿ ಮುಗಿದಿರಲಿ.

ಎಲ್ಲರಿಗೂ ಒಮ್ಮೆಲೇ ಕೊಡೋವಷ್ಟು ರೊಕ್ಕ ಇಲ್ಲದಾಗ ಚೀಟಿ ಅನ್ಯಾಯ ಅಲ್ಲ. ಕೀನ್ಯಾದ ಬುಸಿಯಾದಾಗ ಕ್ರೆಮರ್, ಮಿಗೆಲ್ ಅನ್ನೋ ಅರ್ಥಶಾಸ್ತ್ರಜ್ಞರು ಜಂತುಹುಳದ ಗುಳಿಗಿ ಪರೀಕ್ಷೆಗೆ 75 ಶಾಲೆಗಳನ್ನ 25ರಂಗ ಮೂರು ಗುಂಪು ಮಾಡಿದರು. 1998, 1999, 2001ಕ್ಕ ಒಂದೊಂದು ಗುಂಪಿಗೆ ಸರದಿ ಬಂತು. ಕಾಯೋ ಗುಂಪೇ ಹೋಲಿಕಿ ಗುಂಪು. ಅಲ್ಲಿ ಗುಳಿಗಿ ನುಂಗದ ಮಕ್ಕಳಿಗೂ ಸೋಂಕು ಕಡಿಮಿ ಆತು. ಆಡಿನ ವಿಷಯದಾಗೂ ಹಾಲು, ಮರಿ ನೆರೆಮನಿಗೆ ಹೋಗತಾವ. ಹಂಗಾಗಿ ಒಂದೇ ಊರಾಗ ಅರ್ಧ ಮಂದಿಗೆ ಕೊಟ್ಟು, ಉಳಿದವರ ಜೋಡಿ ಹೋಲಿಸಬ್ಯಾಡ್ರಿ.

ಉತ್ತರ 2
ಮನೆ ಸಾಕಷ್ಟಿವೆ, ಹಳ್ಳಿ ಕಡಿಮೆ ಬಿದ್ದಿವೆ. ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುವುದರಿಂದ ಇಪ್ಪತ್ತೊಂದನೆಯ ಮನೆ ಹೊಸದೇನನ್ನೂ ಅಷ್ಟಾಗಿ ಹೇಳುವುದಿಲ್ಲ. 0.25 ಪ್ರಮಾಣ ವಿಚಲನೆಯಷ್ಟು (ಮನೆ ಮನೆಗೆ ಖರ್ಚು ಎಷ್ಟು ಏರುಪೇರಾಗುತ್ತದೆ ಎಂಬ ಅಳತೆಯ ಕಾಲು ಭಾಗದಷ್ಟು) ಬದಲಾವಣೆಯನ್ನು ಶೇ 80 ಖಾತ್ರಿಯಿಂದ ಹಿಡಿಯಬೇಕೆಂದರೆ, ಒಂದೇ ಊರಿನ ಮನೆಗಳ ಈ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಗುಂಪಿಗೆ ಸುಮಾರು 250 ಮನೆ ಬೇಕು. ಊರೊಳಗಿನ ಹೋಲಿಕೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲಾ ಮನೆ ಒಂದೇ ತರ) 0.05 ಎಂದು ಹಿಡಿದರೆ ಆ 250ನ್ನು 1 + (ಊರಿಗೆ ಮನೆ − 1) × 0.05ರಿಂದ ಗುಣಿಸಿ. ಊರಿಗೆ 20 ಮನೆಯಾದರೆ ಗುಂಪಿಗೆ 490 ಮನೆ, 25 ಹಳ್ಳಿ. ಊರಿಗೆ 8 ಮನೆಯಾದರೆ 340 ಮನೆ ಸಾಕು, ಹಳ್ಳಿ ಮಾತ್ರ 43. ಓಡಾಟದ ಖರ್ಚು ಏರುತ್ತದೆ, ಆದರೂ ನಿಮ್ಮ 400 ಮಂದಿಯನ್ನು 50 ಹಳ್ಳಿಗೆ ಹಂಚಿ, ಇನ್ನು 50 ಹಳ್ಳಿ ಹೋಲಿಕೆಗೆ ಇಟ್ಟುಕೊಳ್ಳುವುದೇ ಮೇಲು. ಕಾಲುವೆ ನೀರಿನ ಊರು, ಒಣಬೇಸಾಯದ ಊರು ಬೇರೆ ಮಾಡಿ ಚೀಟಿ ಎತ್ತಿ.

ಉತ್ತರ 3
ಸರ್ವೇ ಯಾವಾಗ ಅನ್ನೋದು ನಮ್ಮ ಜಿಲ್ಲಾದಾಗ ದೊಡ್ಡ ಮಾತು. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯೋ ಗ್ಯಾಂಗ್ ಹೊಂಟರ ಅರ್ಧ ಮನಿಗೆ ಕೀಲಿ. ಉಗಾದಿ ಆದಮ್ಯಾಲೆ, ಮಿರಗ ಮಳಿ ಹಿಡಿಯೋದರೊಳಗ ಮುಗಸ್ರಿ. ಎರಡನೇ ಸಲವೂ ಅದೇ ತಿಂಗಳಾಗ. ಊಟದ ಖರ್ಚು 7 ದಿನದ್ದು, ಅರಿವಿ–ದವಾಖಾನಿದು 12 ತಿಂಗಳದ್ದು ಕೇಳ್ರಿ. ಆಡು ಕಣ್ಣಾರೆ ಎಣಿಸಿ; ಮಾರಿದ್ದು, ಸತ್ತದ್ದು, ಬೀಗರಿಗೆ ಕೊಟ್ಟದ್ದು ಬ್ಯಾರೆ ಬರೀರಿ. ಪ್ರತಿ ಮನಿಯಿಂದ ಇಬ್ಬರು ಸಂಬಂಧಿಕರ ಫೋನ್ ನಂಬರ್ ತಗೋರಿ. ಹೋಲಿಕಿ ಹಳ್ಳಿಯೊಳಗ ಮಂದಿ ಹೆಚ್ಚು ತಪ್ಪಿಸಿಕೊಂಡರ ಲೆಕ್ಕನೇ ಕೆಡತದ.

ಇನ್ನೊಂದು ಮಾತು ಒತ್ತಿ ಹೇಳತೀನಿ. ಘಾನಾದಾಗ ಇದನ್ನೇ ಬಿಡಿಸಿ ನೋಡ್ಯಾರ: ಆಸ್ತಿ, ತರಬೇತಿ, ಮಾರ್ಗದರ್ಶನ, ಉಳಿತಾಯ ಎಲ್ಲಾ ಕೂಡಿದಾಗ ಸಿಕ್ಕ ಫಲ ಬರೀ ಆಡು ಕೊಟ್ಟಾಗ ಸಿಗಲಿಲ್ಲ. ಹಸಿವು ಬಂದ್ರ ಮೊದಲು ಮಾರೋದು ಆಡನ್ನೇ. ಮೊದಲ ಕೆಲವು ತಿಂಗಳು ಊಟಕ್ಕ ಸಣ್ಣ ಭತ್ಯೆ ಕೊಡ್ರಿ, ವಾರಕ್ಕೊಮ್ಮೆ ಮನಿಗೆ ಹೋಗಿ ಬರ್ರಿ, ಪಿಪಿಆರ್ (ಆಡು–ಕುರಿಗೆ ಬರೋ ಅಂಟುರೋಗ) ಮತ್ತ ಕರುಳುಬೇನಿ ಲಸಿಕಿ ಮಳಿಗಾಲಕ್ಕಿಂತ ಮೊದಲ ಹಾಕಸ್ರಿ. ರೊಕ್ಕ ಸಾಲದಿದ್ದರ ಆಡು ಕೊಡೋ ಮನಿ ಕಡಿಮಿ ಮಾಡ್ರಿ, ಇವನ್ನ ಬಿಡಬ್ಯಾಡ್ರಿ.