ಹಿನ್ನೀರಿನ ಬಲೆಗೆ ಕಾಟ್ಲಾ ಮರಿ, ಆಮೆ ಬೀಳ್ತಾವ: ಏನು ಬದಲಿಸೋದು?

ಪ್ರಶ್ನೆ (ಮುನಿರಾಬಾದ್ ಕಡೆ, ಕೊಪ್ಪಳ):
ತುಂಗಭದ್ರಾ ಹಿನ್ನೀರಿನ್ಯಾಗ ತೆಪ್ಪದಿಂದ ಗಿಲ್‌ನೆಟ್ (ಮೀನು ಕಿವಿರಿಗೆ ಸಿಕ್ಕಿಬೀಳೋ ಬಲಿ) ಬಿಡ್ತೀವ್ರಿ. 80 ಮಿ.ಮೀ. ಕಣ್ಣು (ಬಲಿಯ ರಂಧ್ರ) ಅಂತ ಕೊಂಡದ್ದು. ಆದ್ರೂ ಅಂಗೈಯಷ್ಟು ಕಾಟ್ಲಾ ಮೀನಿನ ಮರಿ ಸಿಗ್ತಾವ. ಸಂಜಿಗೆ ಬಿಟ್ಟು ಮುಂಜಾನಿ ಎತ್ತಿದ್ರ ಎರಡು ಆಮಿ ಸತ್ತಿದ್ವು. ಬಲಿ ಬದಲಿಸಬೇಕೋ?

ಉತ್ತರ 1:
ಅಣ್ಣಾ, ಬಲೆ ಬದಲಿಸೋಕೆ ಮೊದಲು ಅಳೀರಿ. ಒದ್ದೆ ಬಲೆಯ 10 ಕಣ್ಣು ಉದ್ದಕ್ಕೆ ಬಿಗಿಯಾಗಿ ಎಳೆದು ಗಂಟಿನಿಂದ ಗಂಟಿಗೆ ಟೇಪ್ ಹಿಡೀರಿ. 80 ಸೆಂ.ಮೀ. ಬಂದರೆ ಕಣ್ಣು ಸರಿ. 40 ಸೆಂ.ಮೀ. ಬಂದರೆ ಅದು 40 ಮಿ.ಮೀ. ಕಣ್ಣು. ಆಮೇಲೆ ತೇಲುಬೆಂಡಿನ ಹಗ್ಗಕ್ಕೆ ಬಲೆ ಹೆಂಗ ಕಟ್ಟೀರಿ ಅಂತ ಹೇಳ್ರಿ.

ಪ್ರಶ್ನೆ ಕೇಳಿದವರು:
10 ಕಣ್ಣು 79 ಬಂತು. ಮೂರು ಕಣ್ಣಿಗೊಂದು ಗಂಟು, ಗಂಟಿನ ನಡುವೆ 8 ಸೆಂ.ಮೀ.

ಉತ್ತರ 1:
ಅಲ್ಲೇ ಐತಿ ತಪ್ಪು. ಮೂರು ಕಣ್ಣು ಎಳೆದರೆ 24 ಸೆಂ.ಮೀ., ಅದನ್ನ 8ಕ್ಕೆ ಕುಗ್ಗಿಸೀರಿ. ಬಲೆ ಸಡಿಲಾಗಿ ಜೋತಾಡ್ತದ. ಆಗ ಕಣ್ಣಿನ ಅಳತೆ ಕೆಲಸಕ್ಕ ಬರೋದಿಲ್ಲ. ಮರಿ ಕಿವಿರಿಗೆ ಸಿಗೋ ಬದಲು ರೆಕ್ಕೆ, ಮುಳ್ಳಿಗೆ ಸುತ್ತಿಕೊಳ್ತಾವ, ಆಮೆ ಕಾಲೂ ಹಂಗೇ. ಗಂಟು 12 ಸೆಂ.ಮೀ.ಗೆ ಒಂದರಂತೆ ಕಟ್ರಿ. ಉದ್ದಕ್ಕೆ 1250 ಕಣ್ಣು ಇರೋ ಬಲೆಗೆ 50 ಮೀಟರ್ ಹಗ್ಗ ಬೇಕಾಗ್ತದ.

ಕಣ್ಣು ಆರಿಸೋಕೆ: ಮಾರೋಕೆ ಒಪ್ಪುವಷ್ಟು ಚಿಕ್ಕ ಕಾಟ್ಲಾದ ಕಿವಿರ ಮುಚ್ಚಳದ ಮೇಲೆ ದಾರ ಸುತ್ತಿ, ಆ ಸುತ್ತಳತೆ ಅರ್ಧ ಮಾಡ್ರಿ. ಸುತ್ತಳತೆ 20 ಸೆಂ.ಮೀ. ಬಂದರೆ 100 ಮಿ.ಮೀ. ಕಣ್ಣು.

ಉತ್ತರ 2:
ಆಮೆಗೆ ಸಡಿಲ ಬಲೆಗಿಂತ ರಾತ್ರಿಪೂರಾ ಬಿಡೋದೇ ಕೆಟ್ಟದ್ದು. ಅದು ಉಸಿರಿಗೆ ಮೇಲೆ ಬರಲೇಬೇಕು. ಸಿಕ್ಕಿಕೊಂಡು ಒದ್ದಾಡಿದಷ್ಟೂ ಬೇಗ ಉಸಿರು ಮುಗೀತದ. ಬಲೆ ಬಿಟ್ಟಲ್ಲೇ ಇದ್ದು, ತಾಸು-ಎರಡು ತಾಸಿಗೊಮ್ಮೆ ಎತ್ತಿ ನೋಡ್ರಿ. ಜೊಂಡು, ಬಂಡೆ ಇರೋ ದಂಡೆ ಬಿಟ್ಟು ಬಿಡ್ರಿ. ಅಲ್ಲಿ ನೀರುನಾಯಿ ಓಡಾಡ್ತಾವ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ನದಿ 2015ರಿಂದ ಅವುಗಳ ಸಂರಕ್ಷಿತ ಪ್ರದೇಶ.

ಆಮೆ ಸಿಕ್ಕರೆ ಎಳೀಬ್ಯಾಡ್ರಿ, ದಾರ ಕತ್ತರಿಸ್ರಿ. ಮೆತ್ತನೆ ಚಿಪ್ಪಿನದು ಕುತ್ತಿಗೆ ಉದ್ದಕ್ಕೆ ಚಾಚಿ ಕಚ್ತದ, ಚಿಪ್ಪಿನ ಹಿಂದಿನ ಅಂಚು ಹಿಡೀರಿ. ಬಳಲಿದ್ದರೆ ತಲೆ ಕೆಳಗೆ ಬಾಗಿಸಿ ನೀರು ಇಳಿಸ್ರಿ, ಒದ್ದೆ ಗೋಣಿ ಹೊದಿಸಿ ನೆರಳಿಗಿಡ್ರಿ. ಕತ್ತು ಎತ್ತಿ ಕಾಲು ಆಡಿಸೋತನಕ ನೀರಿಗೆ ಬಿಡಬ್ಯಾಡ್ರಿ.

ಕಾಟ್ಲಾ, ರೋಹು ಮಳೆಗಾಲದಾಗ ಮೊಟ್ಟೆ ಇಡ್ತಾವ. ಆಗ ಒಳಹರಿವಿನ ಬಾಯಿಗೆ ಬಲೆ ಕಟ್ಟಬ್ಯಾಡ್ರಿ.

ಪ್ರಶ್ನೆ ಕೇಳಿದವರು:
ಹಳೇ ಗಂಟು ಬಿಚ್ಚಿ 12ಕ್ಕೆ ಕಟ್ತೀನ್ರಿ. ಹರಿದ ತುಂಡು ನೀರಾಗ ಬಿಡೋದಿಲ್ಲ, ದಂಡಿಗೆ ತರ್ತೀವಿ.