ತಲೆಗೆ ಪೆಟ್ಟಾದವರಿಗೆ ಬಿ.ಪಿ. ಮಾತ್ರೆ ಏಕೆ?

ಪ್ರಶ್ನೆ (ಉಡುಪಿಯಿಂದ):
ಪಡುಬಿದ್ರಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ತಲೆಗೆ ಬಲವಾದ ಪೆಟ್ಟು ಮಾಡಿಕೊಂಡ ನನ್ನ ಭಾವ ಹದಿನೆಂಟು ದಿನಗಳಿಂದ ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿದ್ದಾರೆ. ದಿನಕ್ಕೆ ನಾಲ್ಕೈದು ಬಾರಿ ಮೈಯೆಲ್ಲ ಬೆವರಿ, ಕೈಕಾಲು ಸೆಟೆದು, ನಾಡಿ 140ಕ್ಕೆ ಏರುತ್ತದೆ; ಜ್ವರವೂ ಬರುತ್ತದೆ, ಆದರೆ ಪರೀಕ್ಷೆಗಳಲ್ಲಿ ಸೋಂಕು ಸಿಕ್ಕಿಲ್ಲ. ಮೊನ್ನೆಯಿಂದ ಮೂಗಿನ ನಳಿಕೆಯಲ್ಲಿ ಪ್ರೊಪ್ರಾನೊಲಾಲ್ ಕೊಡುತ್ತಿದ್ದಾರೆ. ನನ್ನ ತಾಯಿಯವರು ಬಿ.ಪಿ.ಗೆಂದು ಇದೇ ಬಗೆಯ ಅಟೆನೊಲಾಲ್ ಸೇವಿಸುತ್ತಾರೆ. ಬಿ.ಪಿ. ಕಾಯಿಲೆಯೇ ಇಲ್ಲದ 31 ವರ್ಷದವರಿಗೆ ಇದರ ಅಗತ್ಯವೇನು?

ಉತ್ತರ 1:
ನೀವು ವರ್ಣಿಸಿದ್ದನ್ನು ಓದಿದರೆ, ಮೆದುಳಿನ ಹತೋಟಿ ತಪ್ಪಿ ಅಡ್ರಿನಲಿನ್ (ಗಾಬರಿಯಾದಾಗ ಎದೆಬಡಿತ ಏರಿಸುವ ಹಾರ್ಮೋನು) ವ್ಯವಸ್ಥೆ ಆಗಾಗ ಕೆರಳುವ ಸ್ಥಿತಿ ನೆನಪಾಗುತ್ತದೆ. ಅದು ಹೌದೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಅಲ್ಲಿನ ವೈದ್ಯರೇ. ಹಾಗಾದಾಗ, ಮಲಗಿಯೇ ಇರುವ ರೋಗಿಯ ದೇಹವೂ ಓಡುತ್ತಿರುವವನಂತೆ ಶಕ್ತಿಯನ್ನು ಸುಡುತ್ತದೆ. ಪ್ರೊಪ್ರಾನೊಲಾಲ್, ಅಟೆನೊಲಾಲ್ ಎರಡೂ ಬೀಟಾ ಬ್ಲಾಕರ್ ಎಂಬ ಗುಂಪಿನ ಔಷಧಗಳು; ಇವು ಹೃದಯಕ್ಕೂ ಇತರ ಅಂಗಗಳಿಗೂ ಅಡ್ರಿನಲಿನ್‌ನ ಕರೆ ತಲುಪದಂತೆ ಅಡ್ಡ ನಿಲ್ಲುತ್ತವೆ. ಪ್ರೊಪ್ರಾನೊಲಾಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮೆದುಳಿನೊಳಕ್ಕೂ ಹೋಗುತ್ತದೆ, ಆದರೆ ನಿಮ್ಮ ತಾಯಿಯವರ ಅಟೆನೊಲಾಲ್ ಅಲ್ಲಿಗೆ ಹೋಗುವುದು ತೀರ ಕಡಿಮೆ. ಆದ್ದರಿಂದ ಇಲ್ಲಿ ಒಂದರ ಬದಲಿಗೆ ಇನ್ನೊಂದು ಎನ್ನುವಂತಿಲ್ಲ.

ಉತ್ತರ 2:
ಮೈ ತೀವ್ರವಾಗಿ ಸುಟ್ಟವರಲ್ಲೂ ಅಡ್ರಿನಲಿನ್ ಹೀಗೆಯೇ ಕೆರಳುತ್ತದೆ; ಆ ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ಈ ಔಷಧಕ್ಕೆ ಇನ್ನೂ ಸ್ಪಷ್ಟವಾದ ಆಧಾರವಿದೆ. ಮೈಯ ಶೇಕಡಾ 40ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದ 25 ಮಕ್ಕಳ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಡಿಬಡಿತ ಸುಮಾರು ಶೇಕಡಾ 20ರಷ್ಟು ಇಳಿಯುವಂತೆ ಪ್ರೊಪ್ರಾನೊಲಾಲ್ ಕೊಟ್ಟಾಗ ಸ್ನಾಯುಗಳು ಕರಗುವುದು ತಗ್ಗಿತು. ತಲೆಪೆಟ್ಟಿನ ವಿಷಯದಲ್ಲಿ ಇಂಥ ಔಷಧ ಪಡೆದವರಲ್ಲಿ ಬದುಕುಳಿದವರು ಹೆಚ್ಚು ಎಂದು ತೋರಿಸಿದ ಬಹುಪಾಲು ಅಧ್ಯಯನಗಳು ಹಳೆಯ ದಾಖಲೆಗಳನ್ನು ಹೋಲಿಸಿದವು. ಅಷ್ಟನ್ನೇ ನಂಬಿ ಇದನ್ನು ರಾಮಬಾಣವೆನ್ನಲು ನಾನು ಸಿದ್ಧನಿಲ್ಲ.

ಉತ್ತರ 3 (ಮಂಗಳೂರು, ನಿವೃತ್ತ ಶುಶ್ರೂಷಕಿ):
ಬಿ.ಪಿ. ತೀರ ಇಳಿದರೆ ಗಾಯಗೊಂಡ ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ, ಆದ್ದರಿಂದಲೇ ಪ್ರತಿ ಡೋಸಿಗೆ ಮೊದಲು ನಾಡಿಯನ್ನೂ ಬಿ.ಪಿ.ಯನ್ನೂ ನೋಡುತ್ತಾರೆ. ಒಮ್ಮೆ ಶುರುಮಾಡಿದ ಮೇಲೆ ಥಟ್ಟನೆ ನಿಲ್ಲಿಸುವಂತಿಲ್ಲ; ವಾರ್ಡಿಗೆ ಕಳುಹಿಸುವ ದಿನ ಮಾತ್ರೆ ಮುಂದುವರಿಯುವುದೇ ಎಂದು ಕೇಳಿಕೊಳ್ಳಿ. ಅವರಿಗೆ ದಮ್ಮಿನ ಕಾಯಿಲೆ ಇತ್ತೇ? ಪ್ರೊಪ್ರಾನೊಲಾಲ್ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು.

ಪ್ರಶ್ನೆ ಕೇಳಿದವರು:
ಚಿಕ್ಕಂದಿನಲ್ಲಿ ಪ್ರತಿ ಮಳೆಗಾಲದಲ್ಲೂ ದಮ್ಮು ಬರುತ್ತಿತ್ತು, ಇನ್‌ಹೇಲರ್ ಬಳಸುತ್ತಿದ್ದರು ಎಂದು ಅಕ್ಕ ಈಗ ಹೇಳಿದಳು. ದಾಖಲು ಮಾಡಿಸುವಾಗ ಫಾರಂ ತುಂಬಿದವನು ನಾನು, ನನಗದು ಗೊತ್ತಿರಲಿಲ್ಲ. ಡ್ಯೂಟಿ ಡಾಕ್ಟರಿಗೆ ಈಗಲೇ ಫೋನ್ ಮಾಡುತ್ತಿದ್ದೇನೆ.